ಓದುಗರ ಪ್ರಶ್ನೆ: ಹಿತ್ತಲಿನ ಗ್ರಿಲ್ ಕಳುವಾಗದಿರಲು

ಮನೆಯ ಹೊರಗೆ ಇಡುವ ಬಾರ್ಬೆಕ್ಯೂ ಗ್ರಿಲ್‌ನ ಭದ್ರತೆ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಮೊದಲ ಪತ್ರದ ಉತ್ತರ ದೀರ್ಘವಾಗಿದೆ. ಉಳಿದ ಉತ್ತರಗಳಿಗೂ ಅದೇ ತಳಹದಿಯಾದ್ದರಿಂದ ಎಲ್ಲರೂ ಅದನ್ನು ಓದಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನಮ್ಮದು ನಾಲ್ಕು ಚಕ್ರಗಳಿರುವ, ಗ್ಯಾಸ್‌ನಿಂದ ಉರಿಯುವ ದೊಡ್ಡ ಗ್ರಿಲ್. ಹಿತ್ತಲಿನಲ್ಲಿ ಕಾಂಕ್ರೀಟ್ ಹಾಸಿರುವ ಜಾಗದಲ್ಲಿ ಇಟ್ಟಿದ್ದೇವೆ. ಪಕ್ಕದ ಮನೆಯವರ ಗ್ರಿಲ್ ರಾತ್ರೋರಾತ್ರಿ ಕಾಣೆಯಾದ ಮೇಲೆ ನಾನು ನಮ್ಮದರ ಕಾಲಿಗೆ ಸರಪಳಿ ಸುತ್ತಿ, ಗೋಡೆಯ ಮೇಲಿನ ಮಳೆನೀರಿನ ಕೊಳವೆಗೆ ಬಿಗಿದು ಬೀಗ ಹಾಕಿದ್ದೇನೆ. ಇಷ್ಟು ಸಾಕೆ? ಪ್ರತಿ ರಾತ್ರಿ ಅದನ್ನು ಗ್ಯಾರೇಜಿಗೆ ತಳ್ಳಿ ಬಾಗಿಲು ಹಾಕಿಬಿಡೋಣ ಎಂದು ಮನೆಯವರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಎರಡನೆಯದು ಅಪಾಯಕಾರಿಯೂ ಆಗಿರುವುದರಿಂದ ಮೊದಲು ಅದನ್ನೇ ನೋಡೋಣ. ಸಿಲಿಂಡರಿನಲ್ಲಿರುವ ಪ್ರೊಪೇನ್ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಸುಮಾರು ಎರಡು ಪಟ್ಟು. ಬಯಲಿನಲ್ಲಿ ಕೊಂಚ ಸೋರಿದರೆ ಚದುರಿಹೋಗುವ ಈ ಅನಿಲ, ಮುಚ್ಚಿದ ಗ್ಯಾರೇಜಿನಲ್ಲಿ ಸೋರಿದರೆ ನೆಲಮಟ್ಟದಲ್ಲೇ ಹರಡಿಕೊಂಡು, ತಗ್ಗಿರುವ ಕಡೆ ಮಡುಗಟ್ಟಿ ನಿಲ್ಲುತ್ತದೆ. ಬೆಳಗ್ಗೆ ಯಾರಾದರೂ ದೀಪದ ಸ್ವಿಚ್ ಒತ್ತಿದಾಗಲೋ ಕಾರು ಚಾಲೂ ಮಾಡಿದಾಗಲೋ ಹಾರುವ ಸಣ್ಣ ಕಿಡಿ ಅದಕ್ಕೆ ಸಾಕು. ಗ್ರಿಲ್ ಒಳಗೆ ಬರಬೇಕೆಂದರೆ ಅದು ಪೂರ್ತಿ ತಣ್ಣಗಾಗಿರಬೇಕು. ಸಿಲಿಂಡರನ್ನು ಕಳಚಿ ಹೊರಗೇ, ಗಾಳಿಯಾಡುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿರಬೇಕು. ಪ್ರತಿ ರಾತ್ರಿ ಕಳಚುವುದು, ಪ್ರತಿ ಬಾರಿ ಜೋಡಿಸುವುದು, ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸುವುದು, ಈ ತಾಳ್ಮೆ ಹೆಚ್ಚು ದಿನ ಉಳಿಯುವಂಥದ್ದಲ್ಲ. ತಿಂಗಳುಗಟ್ಟಲೆ ಗ್ರಿಲ್ ಬಳಸದಿರುವ ಕಾಲಕ್ಕೆ, ಅಥವಾ ಬಹುದಿನ ಮನೆಯಲ್ಲಿ ಯಾರೂ ಇರದಿದ್ದಾಗ ಗ್ಯಾರೇಜು ಒಳ್ಳೆಯ ಜಾಗ. ದಿನನಿತ್ಯಕ್ಕೆ ಬೇರೆ ದಾರಿ ನೋಡಬೇಕು.

ಇನ್ನು ನಿಮ್ಮ ಸರಪಳಿಯ ಮಾತು. ಬಹುಪಾಲು ಗ್ರಿಲ್‌ಗಳು ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ಬಂದು ಮನೆಯಲ್ಲೇ ಜೋಡಣೆಯಾಗುತ್ತವೆ. ಕಾಲು, ಹಿಡಿ, ಪಕ್ಕದ ಹಲಗೆ, ಕೆಳಗಿನ ತಟ್ಟೆ ಎಲ್ಲವೂ ಸ್ಕ್ರೂ ಮತ್ತು ಬೋಲ್ಟುಗಳ ಆಧಾರದಲ್ಲಿ ನಿಂತಿರುತ್ತವೆ. ನೀವೇ ಒಮ್ಮೆ ಬಗ್ಗಿ, ಸರಪಳಿ ಸುತ್ತಿರುವ ಕಾಲು ಮೇಲಿನ ಪೆಟ್ಟಿಗೆಗೆ ಸೇರುವ ಜಾಗವನ್ನು ನೋಡಿ. ಅಲ್ಲಿ ಕಾಣುವ ಒಂದೆರಡು ನಟ್‌ಗಳನ್ನು ಸಣ್ಣ ಸ್ಪ್ಯಾನರಿನಿಂದ ಬಿಚ್ಚಿದರೆ ಕಾಲು ಕೈಗೆ ಬರುತ್ತದೆ. ಸರಪಳಿಯೂ ಬೀಗವೂ ಒಂದು ಗೀರೂ ಬೀಳದೆ ಅಲ್ಲೇ ಉಳಿಯುತ್ತವೆ, ಗ್ರಿಲ್ ಮಾತ್ರ ಹೋಗಿರುತ್ತದೆ. ಕೊಳವೆಯಂತೂ ಇನ್ನೂ ದುರ್ಬಲ. ಮಳೆನೀರಿನ ಕೊಳವೆ ಗೋಡೆಗೆ ತೆಳ್ಳನೆಯ ಕ್ಲಿಪ್ಪುಗಳಿಂದ ಅಂಟಿಕೊಂಡಿರುತ್ತದೆ. ಪ್ಲಾಸ್ಟಿಕ್ಕಿನದಾದರೆ ಒಂದು ಜಗ್ಗಿಗೆ ಕಿತ್ತುಬರುತ್ತದೆ, ಆಗ ಗ್ರಿಲ್ ಜೊತೆಗೆ ಕೊಳವೆಯ ರಿಪೇರಿಯ ಖರ್ಚೂ ನಿಮ್ಮ ತಲೆಗೆ.

ಸರಪಳಿ ಹಾಯಬೇಕಾದದ್ದು ಬೆಸುಗೆ ಹಾಕಿ ಮುಚ್ಚಿದ ಚೌಕಟ್ಟಿನ ಮೂಲಕ. ಗಾಡಿಯ ತಳಭಾಗದಲ್ಲಿ ನಾಲ್ಕೂ ಬದಿ ಬೆಸೆದ ಕಬ್ಬಿಣದ ಚೌಕಟ್ಟು ಇದ್ದರೆ ಅದೇ ಸರಿಯಾದ ಜಾಗ. ಎಲ್ಲವೂ ಬೋಲ್ಟಿನದೇ ಆಗಿದ್ದರೆ, ಸರಪಳಿ ಹಿಡಿದಿಡುವ ಭಾಗದ ನಟ್‌ಗಳನ್ನಾದರೂ ಬದಲಿಸಿ. ಬಿಗಿಯಾಗುತ್ತಿದ್ದಂತೆ ತಲೆ ಮುರಿದುಬಿದ್ದು, ಸ್ಪ್ಯಾನರಿಗೆ ಹಿಡಿತವೇ ಸಿಗದಂತೆ ನುಣುಪಾಗಿ ಉಳಿಯುವ ನಟ್‌ಗಳು ಸಿಗುತ್ತವೆ. ಸರಪಳಿ ಗ್ಯಾಸ್ ಕೊಳವೆಗೆ, ರೆಗ್ಯುಲೇಟರಿಗೆ ತಾಗದಂತೆ ಹಾಯಲಿ. ಯಾರಾದರೂ ಜಗ್ಗಿದಾಗ ಕೊಳವೆಯ ಜೋಡಣೆ ಸಡಿಲಗೊಂಡರೆ, ಕಳ್ಳ ಬರಿಗೈಯಲ್ಲಿ ಹೋದರೂ ನಿಮಗೆ ಸೋರಿಕೆಯನ್ನು ಬಿಟ್ಟುಹೋದಂತಾಗುತ್ತದೆ.

ಸರಪಳಿಯ ಇನ್ನೊಂದು ತುದಿಗೆ ನೆಲವೇ ಆಧಾರವಾಗಬೇಕು. ನಿಮ್ಮಲ್ಲಿ ಕಾಂಕ್ರೀಟ್ ಹಾಸು ಇರುವುದು ಅನುಕೂಲ. ಮೋಟಾರ್ ಸೈಕಲ್ ಕಟ್ಟಲು ಬಳಸುವಂಥ ಉಕ್ಕಿನ ನೆಲ ಆಂಕರನ್ನು 10 ಅಥವಾ 12 ಮಿಲಿಮೀಟರಿನ, ರಂಧ್ರದೊಳಗೆ ಹಿಗ್ಗಿ ಕಚ್ಚಿಕೊಳ್ಳುವ ಬೋಲ್ಟುಗಳಿಂದ ಕೂರಿಸಬಹುದು. ಹಾಸಿನ ಅಂಚಿಗೆ ತೀರ ಹತ್ತಿರ ಕೊರೆದರೆ ಕಾಂಕ್ರೀಟ್ ಸೀಳುತ್ತದೆ, ಆದ್ದರಿಂದ ಒಳಕ್ಕೆ ಸರಿದು ಕೊರೆಯಿರಿ. ಬೋಲ್ಟಿನ ತಲೆಯಲ್ಲಿ ಆರುಮೂಲೆಯ ಕುಳಿ ಇದ್ದರೆ, ಬಿಗಿಮಾಡಿದ ನಂತರ ಅದರೊಳಗೆ ಸರಿಹೊಂದುವ ಉಕ್ಕಿನ ಗುಂಡನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದರಾಯಿತು, ಕೀಲಿ ಹಾಕಲು ಜಾಗವೇ ಇರುವುದಿಲ್ಲ. ಬಿಡಿಬಿಡಿಯಾಗಿ ಜೋಡಿಸಿದ ನೆಲಗಲ್ಲಿಗೆ ಆಂಕರ್ ಹಾಕುವುದು ವ್ಯರ್ಥ, ಏಕೆಂದರೆ ಕಲ್ಲನ್ನೇ ಎಬ್ಬಿಸಿಕೊಂಡು ಹೋಗಬಹುದು.

ಸರಪಳಿಯ ದಪ್ಪ ಮುಖ್ಯ. ಸಾಧಾರಣ ಕಬ್ಬಿಣದ ತೆಳ್ಳನೆಯ ಸರಪಳಿಯನ್ನು ಕೈಯಲ್ಲಿ ಹಿಡಿಯುವ ಬೋಲ್ಟ್ ಕಟ್ಟರ್ ಕ್ಷಣಾರ್ಧದಲ್ಲಿ ಕಚ್ಚಿಹಾಕುತ್ತದೆ. ಗಟ್ಟಿಗೊಳಿಸಿದ ಮಿಶ್ರಲೋಹದ, ಕನಿಷ್ಠ 10 ಮಿಲಿಮೀಟರ್ ದಪ್ಪದ ಕೊಂಡಿಗಳಿರುವ ಸರಪಳಿ ಕಟ್ಟರಿನ ಕೈ ಸೋಲಿಸಬಲ್ಲದು. ಕೊಂಡಿಯ ಅಡ್ಡಕೊಯ್ತ ಚೌಕವೋ ಆರುಮೂಲೆಯೋ ಆಗಿದ್ದರೆ ಇನ್ನೂ ಒಳ್ಳೆಯದು. ಬೀಗದ ಕೊಂಡಿ ಸರಪಳಿಗಿಂತ ತೆಳುವಾಗಿದ್ದರೆ ಸರಪಳಿಗೆ ಸುರಿದ ಹಣ ದಂಡ. ಕೊಂಡಿಯ ಎರಡೂ ಬದಿ ಬೀಗದ ಮೈಯೇ ಎದ್ದು ಮುಚ್ಚಿರುವಂಥದ್ದನ್ನು ಆರಿಸಿ. ಯುರೋಪಿನ ಇಎನ್ 12320 ಮಾನದಂಡ ಬೀಗಗಳನ್ನು 1ರಿಂದ 6ರವರೆಗೆ ವಿಂಗಡಿಸುತ್ತದೆ, ಹೊರಗಿನ ಬಳಕೆಗೆ 4 ಅಥವಾ ಅದಕ್ಕೂ ಮೇಲಿನ ದರ್ಜೆಯನ್ನು ನಾನು ಸೂಚಿಸುತ್ತೇನೆ. ಸರಪಳಿ ಸಡಿಲವಾಗಿ ನೆಲದ ಮೇಲೆ ಬಿದ್ದಿರಬಾರದು. ಕಟ್ಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರವೆಲ್ಲ ಹಾಕಿ ಒತ್ತಲು ಅದು ಅವಕಾಶ ಕೊಡುತ್ತದೆ. ಆಂಗಲ್ ಗ್ರೈಂಡರ್ ಎದುರು ಯಾವ ಸರಪಳಿಯೂ ನಿಲ್ಲದು ಎಂಬ ಆಕ್ಷೇಪ ನಿಜವೇ. ಆದರೆ ಅದರ ಚೀರಾಟಕ್ಕೂ ಕಿಡಿಗಳಿಗೂ ಬೀದಿಯೇ ಎದ್ದು ಕೂರುತ್ತದೆ. ಸದ್ದಿಲ್ಲದೆ ತಳ್ಳಿಕೊಂಡು ಹೋಗಲು ಬಂದವನಿಗೆ ಅಷ್ಟು ಧೈರ್ಯ ಇರುವುದು ಅಪರೂಪ.

ಇಲ್ಲಿ ಒಂದು ಎಚ್ಚರಿಕೆ ಬೇಕು, ನನ್ನ ಮಟ್ಟಿಗೆ ಈ ಪುಟದ ಮುಖ್ಯ ಮಾತೂ ಅದೇ. ಆಂಕರ್ ಹಾಕುವಾಗ ಸಹಜವಾಗಿ ಕೈ ಗೋಡೆಯ ಬುಡದತ್ತ ಹೋಗುತ್ತದೆ. ಉರಿಯುವ ಗ್ರಿಲ್ ಗೋಡೆ, ಮರದ ಕಟಾಂಜನ, ಸೂರು, ಒಣಗಿದ ಗಿಡಬಳ್ಳಿಗಳಿಂದ ಸುಮಾರು 3 ಮೀಟರ್ ದೂರವಿರಬೇಕು. ಅಡುಗೆಯ ಹೊತ್ತಿಗೆ ಬೀಗ ತೆಗೆದು ಆಚೆ ತಳ್ಳಿಕೊಳ್ಳುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ಕೆಲವೇ ವಾರಗಳಲ್ಲಿ ಕಟ್ಟಿದ ಜಾಗದಲ್ಲೇ ಉರಿ ಹಚ್ಚಲು ಶುರುಮಾಡುತ್ತಾರೆ. ಆದ್ದರಿಂದ ಉರಿಸುವ ಜಾಗವನ್ನು ಮೊದಲು ಗೊತ್ತುಮಾಡಿ, ಆಂಕರನ್ನು ಅಲ್ಲಿಯೇ ಕೂರಿಸಿ. ಆ ಜಾಗ ಬೀದಿಗೆ ಕಾಣುವಂತಿದ್ದರೆ, ಗ್ರಿಲ್ ತಣ್ಣಗಾದ ಮೇಲೆ ಮಾಸಲು ಬಣ್ಣದ ಹೊದಿಕೆ ಹಾಕಿಡಿ. ಹೊಳೆಯುವ ಉಕ್ಕು ಕಣ್ಣಿಗೆ ಬೀಳದಿರುವುದೇ ಅರ್ಧ ಭದ್ರತೆ.

ಚಲನೆಗೆ ಹೊತ್ತಿಕೊಳ್ಳುವ ದೀಪವನ್ನೂ ಹಾಕಬಹುದು. ಅದರ ಸಂವೇದಕ ಶಾಖದ ಬದಲಾವಣೆಯನ್ನು ಗ್ರಹಿಸುವುದರಿಂದ, ಬಿಸಿ ಗ್ರಿಲ್ಲಿನತ್ತಲೇ ಮುಖಮಾಡಿದ್ದರೆ ಸುಮ್ಮಸುಮ್ಮನೆ ಹೊತ್ತಿಕೊಳ್ಳುತ್ತದೆ. ಗ್ರಿಲ್ಲಿಗೆ ಬರುವ ದಾರಿಯ ಕಡೆಗೆ ತಿರುಗಿಸಿ.

ಪ್ರಶ್ನೆ: ಬಾಡಿಗೆ ಮನೆ, ನೆಲ ಕೊರೆಯಲು ಮಾಲೀಕರ ಒಪ್ಪಿಗೆ ಇಲ್ಲ. ನನ್ನದು ಇದ್ದಿಲಿನ ಸಣ್ಣ ಗ್ರಿಲ್. ಅಂಗಳದ ಮರಕ್ಕೆ ಕಟ್ಟಬಹುದೆ?

ಉತ್ತರ: ಮರ ಬೇಡ. ಸರಪಳಿ ತೊಗಟೆಯನ್ನು ಉಜ್ಜಿ ಗಾಯ ಮಾಡುತ್ತದೆ, ತೆಳ್ಳನೆಯ ಮರವಾದರೆ ಗರಗಸಕ್ಕೆ ಅದು ಲೆಕ್ಕಕ್ಕಿಲ್ಲ. ಸಣ್ಣ ಗ್ರಿಲ್‌ಗೆ ಒಳಗೆ ತಂದಿಡುವುದೇ ಸುಲಭ ಉಪಾಯ, ಆದರೆ ಅದೇ ರಾತ್ರಿ ತರಬೇಡಿ. ಮೇಲೆ ಬೂದಿ ಕವಿದು ತಣ್ಣಗಾದಂತೆ ಕಂಡರೂ ಒಳಗಿನ ಕೆಂಡ ದಿನವಿಡೀ ಜೀವ ಹಿಡಿದಿರಬಲ್ಲದು, ಪೂರ್ತಿ ಆರಲು 48 ಗಂಟೆ ಬಿಡಿ ಎನ್ನುವುದು ಅದಕ್ಕೇ. ಉರಿಯುವ ಇದ್ದಿಲು ಹೊರಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಕಾಯಲು ಆಗದಿದ್ದರೆ ಬೂದಿಯನ್ನು ಹೊರಗೇ ಮುಚ್ಚಳವಿರುವ ಲೋಹದ ಡಬ್ಬಕ್ಕೆ ತೆಗೆದು, ನೀರು ಸುರಿದು ಕದಡಿ, ಬರಿದಾದ ಗ್ರಿಲ್ ಪೂರ್ತಿ ತಣ್ಣಗಾದ ಮೇಲೆ ಅದನ್ನಷ್ಟೇ ಒಳಗೆ ತನ್ನಿ. ದೊಡ್ಡ ಗ್ರಿಲ್ ಇರುವ ಬಾಡಿಗೆದಾರರು ಭಾರವನ್ನೇ ಆಂಕರ್ ಮಾಡಿಕೊಳ್ಳಬಹುದು. ಒಂದು ಲೀಟರ್ ಕಾಂಕ್ರೀಟ್ ಸುಮಾರು 2.4 ಕಿಲೋ ತೂಗುತ್ತದೆ, ಹಾಗಾಗಿ 50 ಲೀಟರಿನ ತೊಟ್ಟಿಯಲ್ಲಿ ಉಕ್ಕಿನ ಕೊಂಡಿ ಹುದುಗಿಸಿ ಕಾಂಕ್ರೀಟ್ ತುಂಬಿದರೆ 120 ಕಿಲೋ ಆಗುತ್ತದೆ. ಮನೆ ಬಿಡುವಾಗ ಅದನ್ನು ಸಾಗಿಸುವ ಕಷ್ಟ ನಿಮಗೂ ಉಂಟು ಎಂಬುದನ್ನು ಮರೆಯದೆ, ಇಟ್ಟ ಜಾಗದಲ್ಲೇ ಎರಕ ಹೊಯ್ಯಿರಿ.

ಪ್ರಶ್ನೆ: ಗ್ರಿಲ್ ಇದ್ದಲ್ಲೇ ಇದೆ, ಸಿಲಿಂಡರ್ ಮಾತ್ರ ಕಳವಾಯಿತು. ಹೊಸ ಸಿಲಿಂಡರಿಗೂ ಬೀಗ ಹಾಕಬೇಕೆ?

ಉತ್ತರ: ಹಾಕಬಹುದು, ವಾಲ್ವಿಗೆ ಮಾತ್ರ ಅಡ್ಡಿಯಾಗಬಾರದು. ಸಿಲಿಂಡರಿನ ಮೇಲಿನ ಉಕ್ಕಿನ ಬಳೆಯ ಮೂಲಕ ಸರಪಳಿ ಹಾಯಿಸಿ ಗಾಡಿಯ ಚೌಕಟ್ಟಿಗೆ ಬಿಗಿಯಿರಿ. ಉರಿಯುತ್ತಿರುವಾಗ ಏನಾದರೂ ಹೆಚ್ಚುಕಡಿಮೆಯಾದರೆ ಕೀಲಿ ಹುಡುಕದೆ ವಾಲ್ವ್ ಮುಚ್ಚಲು ಸಾಧ್ಯವಾಗಬೇಕು. ಸಿಲಿಂಡರನ್ನು ಗೂಡಿನಲ್ಲಿಟ್ಟು ಬೀಗ ಹಾಕುವವರು ಉರಿ ಹಚ್ಚುವ ಮೊದಲೇ ಗೂಡಿನ ಬೀಗ ತೆಗೆದಿಡಲಿ, ಮತ್ತು ಗೂಡಿನ ತಳದಲ್ಲಿ ಗಾಳಿಕಿಂಡಿ ಇರಲಿ. ಭಾರವಾದ ಅನಿಲ ಕೆಳಗಿನಿಂದಲೇ ಹೊರಹೋಗಬೇಕು.

ಪ್ರಶ್ನೆ: ಏರ್‌ಟ್ಯಾಗ್‌ನಂಥ ಸಣ್ಣ ಟ್ರ್ಯಾಕರ್ ಅಂಟಿಸಿದರೆ ಸರಪಳಿಯ ಗೊಡವೆಯೇ ಬೇಡವಲ್ಲವೆ?

ಉತ್ತರ: ಟ್ರ್ಯಾಕರ್ ಕಳವನ್ನು ತಡೆಯುವುದಿಲ್ಲ, ಕಳವಾದ ನಂತರ ಸುಳಿವು ಕೊಡಬಹುದು ಅಷ್ಟೆ. ಏರ್‌ಟ್ಯಾಗ್‌ಗೆ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖವೇ ಮಿತಿ, ಉರಿಪೆಟ್ಟಿಗೆಯ ಹತ್ತಿರ ಅದು ಉಳಿಯದು. ಲೋಹದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಬ್ಲೂಟೂತ್ ಸಂಕೇತ ಹೊರಬರುವುದು ಕಷ್ಟ. ಚಕ್ರದ ಬಳಿಯ ಪ್ಲಾಸ್ಟಿಕ್ ಭಾಗದ ಒಳಮೈ ತಕ್ಕ ಜಾಗ. ಅಪರಿಚಿತ ಟ್ರ್ಯಾಕರ್ ತನ್ನೊಡನೆ ಚಲಿಸುತ್ತಿದೆ ಎಂಬ ಎಚ್ಚರಿಕೆ ಕಳ್ಳನ ಫೋನಿಗೂ ಹೋಗುತ್ತದೆ. ಜನರನ್ನು ಗುಟ್ಟಾಗಿ ಹಿಂಬಾಲಿಸುವುದನ್ನು ತಡೆಯಲು ಮಾಡಿದ ಏರ್ಪಾಡು ಅದು. ಸರಪಳಿಯ ಜೊತೆಗೆ ಇರಲಿ, ಬದಲಿಗೆ ಬೇಡ.

ಪ್ರಶ್ನೆ: ಗ್ರಿಲ್ ಕಳವಾಗಿಯೇ ಹೋಗಿದೆ. ದೂರು ಕೊಡುವಾಗ ಕಂಪನಿ ಮತ್ತು ಬಣ್ಣ ಬಿಟ್ಟರೆ ಹೇಳಲು ಏನೂ ಹೊಳೆಯುತ್ತಿಲ್ಲ. ಇನ್ನು ಏನು ಮಾಡಬಹುದು?

ಉತ್ತರ: ಖರೀದಿಯ ರಸೀದಿ, ವಾರಂಟಿ ನೋಂದಣಿ, ಆನ್‌ಲೈನ್ ಆರ್ಡರಿನ ಇಮೇಲ್ ಇವುಗಳಲ್ಲಿ ಸೀರಿಯಲ್ ಸಂಖ್ಯೆಯೋ ಮಾದರಿಯ ಸಂಖ್ಯೆಯೋ ಇರಬಹುದು, ಹುಡುಕಿ ನೋಡಿ. ಮನೆಯ ಕಾರ್ಯಕ್ರಮಗಳ ಹಳೆಯ ಫೋಟೋಗಳ ಹಿನ್ನೆಲೆಯಲ್ಲಿ ಗ್ರಿಲ್ ಕಂಡರೆ ಅದರ ಮೇಲಿನ ತಗ್ಗು, ಬಣ್ಣ ಹಾರಿದ ಮೂಲೆ ಗುರುತಾಗುತ್ತವೆ. ಪೊಲೀಸರಿಗೆ ದೂರು ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಿ, ಗೃಹ ವಿಮೆ ಇದ್ದರೆ ಅದು ಬೇಕಾಗುತ್ತದೆ. ಬಯಲಿನಲ್ಲಿಟ್ಟ ವಸ್ತುಗಳಿಗೆ ಪಾಲಿಸಿಯಲ್ಲಿ ಬೇರೆ ಮಿತಿಯೋ ಷರತ್ತೋ ಇದೆಯೇ ಎಂದು ಓದಿಕೊಂಡು ಅರ್ಜಿ ಹಾಕಿ. ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ನಿಮ್ಮದರಂಥ ಗ್ರಿಲ್ ಕಂಡರೆ ಪುಟದ ಚಿತ್ರ ತೆಗೆದಿಟ್ಟು ಪೊಲೀಸರಿಗೆ ಕೊಡಿ. ಕೊಳ್ಳುವವರಂತೆ ನೀವೇ ಹೋಗಿ ಮುಖಾಮುಖಿಯಾಗಬೇಡಿ. ಮುಂದೆ ಹೊಸದು ಕೊಂಡರೆ, ಸೀರಿಯಲ್ ಸಂಖ್ಯೆಯ ಚೀಟಿ ಶಾಖಕ್ಕೆ ಮಾಸುವ ಮೊದಲೇ ಅದರ ಫೋಟೋ ತೆಗೆದುಕೊಂಡು, ಚೌಕಟ್ಟಿನ ಒಳಮೈಯಲ್ಲಿ ನಿಮಗಷ್ಟೇ ಗೊತ್ತಿರುವ ಒಂದು ಗುರುತನ್ನು ಉಕ್ಕಿನ ಅಚ್ಚಿನಿಂದ ಒತ್ತಿಸಿ. ಅತಿನೇರಳೆ ಶಾಯಿಯ ಪೆನ್ನಿನ ಗುರುತು ಬಿಸಿಲಿಗೆ ಬೇಗ ಮಾಸುತ್ತದೆ.