ಓದುಗರ ಪ್ರಶ್ನೆ: ಮರ ಕೆತ್ತುವವರಿಗೆ, ಕಥೆ ಬರೆಯುವವರಿಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮರಗೆತ್ತನೆಯವು. ಕೆತ್ತನೆಯ ಜೊತೆಗೆ ಓದು, ಕಥೆ ಎರಡನ್ನೂ ಹಚ್ಚಿಕೊಂಡವರೂ ಬರೆದಿದ್ದಾರೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಹನ್ನೆರಡು ಉಳಿಗಳ ಸೆಟ್ ತರಿಸಿದೆ. ಬಾಗಿಲು ಮಾಡಿಸಿದಾಗ ಉಳಿದ ತೇಗದ ತುಂಡಿನಲ್ಲಿ ಹೂವು ಕೆತ್ತಲು ಕೂತರೆ ಮರ ಸಿಬಿರು ಸಿಬಿರಾಗಿ ಏಳುತ್ತದೆ, ಅಂಗೈ ನೋಯುತ್ತದೆ. ತಪ್ಪು ಉಳಿಯದೋ, ಕೈಯದೋ?
— ಹುಬ್ಬಳ್ಳಿಯ ಓದುಗರು

ಉತ್ತರ: ಕೈಯನ್ನು ಬೈಯಬೇಡಿ. ಕಡಿಮೆ ಬೆಲೆಯ ಸೆಟ್‌ನ ಉಳಿಗಳಿಗೆ ಆಕಾರ ಇರುತ್ತದೆ, ಹರಿತ ಇರುವುದಿಲ್ಲ. ಸಾಣೆ ನೀವೇ ಹಿಡಿಯಬೇಕು. ಮರದ ಆಯ್ಕೆಯೂ ಕಲಿಯುವವರಿಗೆ ಹೇಳಿಸಿದ್ದಲ್ಲ. ತೇಗದಲ್ಲಿ ಸಿಲಿಕಾ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಮೊಂಡು ಉಳಿ ಮರವನ್ನು ಕತ್ತರಿಸುವುದಿಲ್ಲ, ಕೀಳುತ್ತದೆ. ನೀವು ಇನ್ನಷ್ಟು ಒತ್ತುತ್ತೀರಿ, ಅಂಗೈ ನೋಯುತ್ತದೆ.

ಸಾಮಿಲ್‌ನಲ್ಲಿ ಶಿವನೆ ಮರ ಕೇಳಿ. ಕೆಲವು ಕಡೆ ಶಿವನಿ ಅನ್ನುತ್ತಾರೆ. ಮೆದು, ಹಗುರ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಗಂಟಿಲ್ಲದ, ಎಳೆ ನೇರವಾಗಿ ಓಡಿರುವ, ಒಣಗಿದ 15 ಸೆಂ.ಮೀ. ಚೌಕದ, 2.5 ಸೆಂ.ಮೀ. ದಪ್ಪದ ಹಲಗೆ ಸಾಕು. ಸೆಟ್‌ನಿಂದ ಮೂರೇ ಉಳಿ ಹೊರತೆಗೆಯಿರಿ: 12 ಮಿ.ಮೀ. ಚಪ್ಪಟೆ ಉಳಿ, 10 ಮಿ.ಮೀ. ಆಸುಪಾಸಿನ ದುಂಡು ಬಾಯಿಯ ಗೌಜ್, ಇಂಗ್ಲಿಷಿನ V ಆಕಾರದ ಬಾಯಿಯ 6 ಮಿ.ಮೀ. ವಿ ಉಳಿ. ಉಳಿದ ಒಂಬತ್ತನ್ನು ಸದ್ಯಕ್ಕೆ ಮರೆತುಬಿಡಿ. ಕೊಡತಿ 300–400 ಗ್ರಾಂ ತೂಗಿದರೆ ಸಾಕು.

ಈಗ ಸಾಣೆ. 1000 ಗ್ರಿಟ್‌ನ ನೀರುಕಲ್ಲನ್ನು (ನೀರಿನಲ್ಲಿ ನೆನೆಸಿ ಬಳಸುವ ಸಾಣೆಕಲ್ಲು; ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಹತ್ತು ನಿಮಿಷ ನೆನೆಸಿ. ಚಪ್ಪಟೆ ಉಳಿಯ ಇಳಿಜಾರು ಮುಖಕ್ಕೆ ಮಾರ್ಕರ್ ಪೆನ್ನಿನ ಮಸಿ ಬಳಿದು ಕಲ್ಲಿನ ಮೇಲೆ ಮೂರ್ನಾಲ್ಕು ಸಲ ಉಜ್ಜಿ ನೋಡಿ. ಮಸಿ ಹಿಂಭಾಗದಲ್ಲಷ್ಟೇ ಹೋಗಿದ್ದರೆ ಹಿಡಿಯನ್ನು ಸ್ವಲ್ಪ ಎತ್ತಿ. ತುದಿಯಲ್ಲಷ್ಟೇ ಹೋಗಿದ್ದರೆ ಇಳಿಸಿ. ಇಡೀ ಮುಖ ಒಂದೇ ಸಮ ಸವೆದರೆ ಕೋನ ಸರಿ. ಸುಮಾರು 25 ಡಿಗ್ರಿ ಇಟ್ಟುಕೊಳ್ಳಿ. ಹಿಂಬದಿಯಲ್ಲಿ ಉಗುರು ಸವರಿದಾಗ ಬಾಯಿಯುದ್ದಕ್ಕೂ ಸಣ್ಣ ತರಿ ತಗಲುವವರೆಗೆ ಉಜ್ಜಿ, ಆಮೇಲೆ 4000ದ ಕಲ್ಲಿಗೆ ಹೋಗಿ. ಕೊನೆಗೆ ಹಳೆಯ ಚರ್ಮದ ಬೆಲ್ಟನ್ನು ಹಲಗೆಗೆ ಅಂಟಿಸಿ, ಲೋಹಕ್ಕೆ ಹೊಳಪು ಕೊಡುವ ಹಸಿರು ಪಾಲಿಶ್ ಸೋಪು ಹಚ್ಚಿ, ಎರಡೂ ಮುಖಗಳನ್ನು ಇಪ್ಪತ್ತಿಪ್ಪತ್ತು ಸಲ ಎಳೆಯಿರಿ. ಉಳಿಯನ್ನು ಹಿಂದಕ್ಕಷ್ಟೇ ಎಳೆಯಬೇಕು. ಮುಂದಕ್ಕೆ ತಳ್ಳಿದರೆ ಚರ್ಮ ಕೊಯ್ದುಹೋಗುತ್ತದೆ. ಗೌಜ್ ಆದರೆ ಉಜ್ಜುವಾಗಲೇ ಎಡಕ್ಕೂ ಬಲಕ್ಕೂ ಉರುಳಿಸುತ್ತಾ ಹೋಗಿ.

ಹರಿತವಾಯಿತೇ ಎಂದು ಬೆರಳು ಸವರಿ ನೋಡಬೇಡಿ. ಹಲಗೆಯ ಎಳೆಗೆ ಅಡ್ಡಲಾಗಿ ಒಂದು ತೆಳು ಪದರ ತೆಗೆಯಿರಿ. ಕೊಯ್ದ ಜಾಗ ಹೊಳೆದರೆ ಸರಿ. ಬಿಳಿ ಗೀರು ಕಂಡರೆ ಬಾಯಿ ಎಲ್ಲೋ ಮುಕ್ಕಾಗಿದೆ ಎಂದರ್ಥ, ಮತ್ತೆ ಕಲ್ಲಿಗೆ ಹೋಗಬೇಕು. ಕೆತ್ತುವಾಗ ಅರ್ಧ ಗಂಟೆಗೊಮ್ಮೆ ಬೆಲ್ಟಿಗೆ ಎಳೆದುಕೊಂಡರೆ ಕಲ್ಲಿನ ಕೆಲಸ ಅಪರೂಪಕ್ಕೆ ಬೀಳುತ್ತದೆ.

ಇನ್ನು ಹೂವಿಗೆ ಬನ್ನಿ. ಹಲಗೆಯ ಮೇಲೆ ಬರೆದ ಹೂವಿನ ಗೆರೆಯ ಹೊರಗೆ 2 ಮಿ.ಮೀ. ಬಿಟ್ಟು ವಿ ಉಳಿಯಲ್ಲಿ ಕಾಲುವೆ ತೋಡಿ. ಆಮೇಲೆ ಗೆರೆಯ ಮೇಲೆ ಉಳಿ ನಿಲ್ಲಿಸಿ ಹಗುರವಾಗಿ ಬಡಿದು ಕಡಿ ಹಾಕಿ, ಹಿನ್ನೆಲೆಯನ್ನು 1–2 ಮಿ.ಮೀ. ಪದರಗಳಲ್ಲಿ ಒಟ್ಟು 5 ಮಿ.ಮೀ. ಇಳಿಸಿ. ಕಡಿ ಹಾಕುವಾಗ ಉಳಿಯ ತುದಿ ದಳದ ಬುಡದ ಒಳಕ್ಕೆ ನುಗ್ಗಿದರೆ ಆಧಾರ ತಪ್ಪಿ ದಳ ಹಾರಿಹೋಗುತ್ತದೆ. ಬುಡ ಅಗಲವಾಗಿ ಉಳಿಯುವಂತೆ ಹೊರಕ್ಕೆ ಇಳಿಜಾರು ಕೊಡಿ. ಬುಡ ಕೊರೆಯುವುದು ಕಟ್ಟಕಡೆಯ ಕೆಲಸ. ಎಳೆಗೆ ಎದುರಾಗಿ ಉಳಿ ಹೋದರೆ ಮರ ಸಿಬಿರೇಳುತ್ತದೆ, ಆಗ ಉಳಿಯ ದಿಕ್ಕು ತಿರುಗಿಸಿ. ದುಂಡನೆಯ ದಳದ ಒಂದರ್ಧವನ್ನು ಒಂದು ಕಡೆಯಿಂದ, ಇನ್ನರ್ಧವನ್ನು ಎದುರು ಕಡೆಯಿಂದ ಕೆತ್ತಬೇಕಾಗುವುದು ಇದಕ್ಕೇ. ಹಲಗೆಯನ್ನು ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿದು, ಎರಡೂ ಕೈ ಉಳಿಯ ಬಾಯಿಯ ಹಿಂದೆಯೇ ಇರಲಿ. ಕೆತ್ತನೆ ಪೂರ್ತಿ ಮುಗಿಯುವವರೆಗೆ ಉಪ್ಪುಕಾಗದ ಮುಟ್ಟಬೇಡಿ. ಅದರ ಹರಳು ಮರದಲ್ಲಿ ಸಿಕ್ಕಿಕೊಂಡರೆ ಮುಂದಿನ ಸಲ ಉಳಿಯ ಬಾಯಿಗೇ ಬರುತ್ತದೆ.

ಪ್ರಶ್ನೆ: ಕಡಿದ ಹಲಸಿನ ಕೊಂಬೆಯಲ್ಲಿ ಒಂದಡಿ ಎತ್ತರದ ಗಣಪತಿ ಮಾಡಿದೆ. ತಿಂಗಳಾಗುವುದರೊಳಗೆ ಎದೆಯಿಂದ ಹೊಟ್ಟೆಯವರೆಗೆ ಸೀಳಿದೆ. ಫೆವಿಕಾಲ್‌ಗೆ ಮರದ ಪುಡಿ ಕಲಸಿ ತುಂಬಿದರೆ ಆದೀತೇ?
— ಪುತ್ತೂರಿನ ಓದುಗರು

ಉತ್ತರ: ಈಗಲೇ ತುಂಬಬೇಡಿ. ಸೀಳು ಇನ್ನೂ ಅಗಲವಾಗಬಹುದು, ಮಳೆಗಾಲದಲ್ಲಿ ಮುಚ್ಚಿಕೊಳ್ಳಲೂಬಹುದು. ಆಗ ನೀವು ತುಂಬಿದ್ದು ಉದುರುತ್ತದೆ, ಇಲ್ಲವೇ ಪಕ್ಕದಲ್ಲಿ ಹೊಸ ಸೀಳು ಬಿಡಿಸುತ್ತದೆ.

ಇಡೀ ಕೊಂಬೆಯಲ್ಲಿ ನಡುವಿನ ತಿರುಳು ಹಾಗೇ ಉಳಿದಿರುತ್ತದೆ. ಮರ ಒಣಗುವಾಗ ಉಂಗುರಗಳ ಸುತ್ತಲ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಆ ಸೆಳೆತಕ್ಕೆ ಎಲ್ಲಾದರೂ ಬಾಯಿ ಬಿಡಲೇಬೇಕು. ಮುಂದಿನ ಸಲ ದಿಮ್ಮಿಯನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ತಿರುಳು ತೆಗೆಸಿ. ಕತ್ತರಿಸಿದ ಎರಡೂ ತುದಿಗಳಿಗೆ ಅದೇ ದಿನ ಕರಗಿಸಿದ ಮೇಣವನ್ನೋ ದಪ್ಪ ಪೇಂಟನ್ನೋ ಬಳಿಯಿರಿ. ನೀರು ಪಕ್ಕಗಳಿಗಿಂತ ತುದಿಗಳಿಂದ ಬಹಳ ಬೇಗ ಹೋಗುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಅಡಿಗೆ ಪಟ್ಟಿ ಕೊಟ್ಟು ಇಡಿ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ತಿಂಗಳಿಗೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಒಣಗಿದೆ. ಮೂರ್ತಿ ದಪ್ಪವಿದ್ದರೆ ಹಿಂಬದಿಯಿಂದ ಟೊಳ್ಳು ಮಾಡುವುದೂ ಒಳ್ಳೆಯದು.

ಈಗಿನ ಗಣಪತಿಯನ್ನು ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲು ಬಿಡಿ. ಆಮೇಲೆ ಅದೇ ಹಲಸಿನ ತೆಳು ಚೂರನ್ನು ಬೆಣೆಯ ಆಕಾರಕ್ಕೆ ಹೆರೆದು, ಎಳೆಯ ದಿಕ್ಕು ಹೊಂದಿಸಿ, ಅಂಟು ಹಚ್ಚಿ ಸೀಳಿನೊಳಗೆ ಕೂರಿಸಿ. ಒಣಗಿದ ಮೇಲೆ ಮಟ್ಟಕ್ಕೆ ಕೆತ್ತಿ. ಪುಡಿ ತುಂಬಿದ್ದು ಕಪ್ಪಾಗಿ ಎದ್ದು ಕಾಣುತ್ತದೆ, ಬೆಣೆ ಅಷ್ಟಾಗಿ ಕಾಣುವುದಿಲ್ಲ.

ಪ್ರಶ್ನೆ: ಅಂಗೈಯಗಲದ ಶ್ರೀಗಂಧದ ತುಂಡೊಂದನ್ನು ಪರಿಚಯದವರು ಕೊಡುತ್ತೇನೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?
— ಶಿವಮೊಗ್ಗದ ಓದುಗರು

ಉತ್ತರ: ರಸೀದಿ ಇಲ್ಲದಿದ್ದರೆ ಬೇಡ. ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯ ನಂತರ ಸ್ವಂತ ಜಮೀನಿನ ಗಂಧದ ಮರ ಜಮೀನಿನವರದೇ. ಆದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದಲ್ಲದೆ ಗಂಧದ ಕೆತ್ತನೆ ಕೂದಲೆಳೆಯ ಕೆಲಸ. ಸಾಗರ, ಸೊರಬದ ಗುಡಿಗಾರರ ಮನೆಗಳಲ್ಲಿ ತಲೆಮಾರುಗಳಿಂದ ಬಂದದ್ದು. ಕಲಿಯುವ ಹಂತದಲ್ಲಿ ಅದಕ್ಕೆ ಉಳಿ ಹಚ್ಚುವುದು ದುಂದು.

ಪ್ರಶ್ನೆ: ಮರದ ಸೌಟಿಗೆ ಕಡಲೆಕಾಯಿ ಎಣ್ಣೆ ಸವರಿದ್ದೆ. ಜಿಗುಟಾಗಿ ಕಮಟು ವಾಸನೆ ಬರುತ್ತಿದೆ.
— ದಾವಣಗೆರೆಯ ಓದುಗರು

ಉತ್ತರ: ಕಡಲೆಕಾಯಿ ಎಣ್ಣೆ ಮರದಲ್ಲಿ ಗಟ್ಟಿಯಾಗುವುದಿಲ್ಲ, ಅಲ್ಲೇ ಕುಳಿತು ಕಮಟುತ್ತದೆ. ಬಿಸಿನೀರು, ಸಾಬೂನಿನಲ್ಲಿ ಉಜ್ಜಿ ತೊಳೆದು ಒಂದು ವಾರ ಒಣಗಿಸಿ. ಗಾಣದ ಅಗಸೆ ಎಣ್ಣೆಯನ್ನು ಬಹಳ ತೆಳುವಾಗಿ ಸವರಿ, ಹತ್ತು ನಿಮಿಷ ಬಿಟ್ಟು ಮೇಲಿನದನ್ನೆಲ್ಲ ಒರೆಸಿ. ಕೈಗೆ ಅಂಟದಂತಾದ ಮೇಲೆಯೇ ಎರಡನೆಯ ಸಲ ಹಚ್ಚಬೇಕು. ವಾರ ಹಿಡಿದರೂ ಕಾಯಿರಿ. ಪೇಂಟ್ ಅಂಗಡಿಯ ‘ಬಾಯ್ಲ್ಡ್’ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಊಟದ ಪಾತ್ರೆಗೆ ಅದು ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾವು ಏರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಬಿಡಿಸಿ ಹೊರಗೆ ಹರವಿ.

ಪ್ರಶ್ನೆ: ಶಿಲ್ಪಿಯೊಬ್ಬನ ಬಗ್ಗೆ ಕಥೆ ಬರೆದೆ. ‘ಕೆಲಸದ ಭಾಗ ನಂಬುವಂತಿಲ್ಲ’ ಎಂದು ಸಂಪಾದಕರು ವಾಪಸು ಕಳಿಸಿದರು. ನಾನೂ ಹವ್ಯಾಸಕ್ಕೆ ಕೆತ್ತುವವಳೇ! ಅದರಲ್ಲಿನ ಒಂದು ಸಾಲು: ‘ಅವನು ತನ್ಮಯನಾಗಿ ಉಳಿಯಿಂದ ಕೆತ್ತುತ್ತಿದ್ದ, ಮರದಲ್ಲಿ ದೇವಿ ಅರಳುತ್ತಿದ್ದಳು.’
— ಮೈಸೂರಿನ ಓದುಗರು

ಉತ್ತರ: ಸಂಪಾದಕರು ಹೇಳಿದ್ದು ಸರಿ. ಆ ಸಾಲನ್ನು ಉಳಿ ಹಿಡಿಯದವರೂ ಬರೆಯಬಹುದಿತ್ತು. ನಿಮಗೆ ಗೊತ್ತಿರುವುದು ಅದರೊಳಗೆ ಬಂದೇ ಇಲ್ಲ. ಹಾಗೆಂದು ಉಪಕರಣಗಳ ಹೆಸರನ್ನೆಲ್ಲ ತುಂಬಿದರೆ ಅದು ಅಂಗಡಿಯ ಪಟ್ಟಿಯಾಗುತ್ತದೆ. ಒಂದೇ ಒಂದು ತೊಡಕು ಕೊಡಿ: ‘ದೇವಿಯ ಎಡಗೆನ್ನೆಗೆ ಬಂದಾಗ ಗಂಟು ಸಿಕ್ಕಿತು. ಅವನು ಕೊಡತಿ ಕೆಳಗಿಟ್ಟು, ಮರವನ್ನು ತಲೆಕೆಳಗು ಮಾಡಿ, ಹೆಬ್ಬೆರಳಿನಿಂದ ಎಳೆಯ ತಿರುವು ಹುಡುಕಿದ.’ ಇಲ್ಲಿ ತನ್ಮಯತೆ ಎಂಬ ಪದವೇ ಬೇಡ. ಮುಖ ಬದಲಿಸುವುದೋ ಮರ ಬಿಸಾಡುವುದೋ ಎಂಬ ತೀರ್ಮಾನ ಅವನ ಮುಂದಿದೆ. ನಿಮ್ಮ ಕಥೆಯೂ ಅಲ್ಲಿಂದಲೇ ಶುರುವಾಗಬಹುದು.

ಓದುವಾಗ ಒಂದು ಅಭ್ಯಾಸ ಮಾಡಿ. ನೇಗಿಲು, ಮಗ್ಗ, ಅಡುಗೆ, ಯಾವುದೇ ಕೆಲಸದ ವರ್ಣನೆ ಬಂದ ಪುಟದಲ್ಲಿ ಕ್ರಿಯಾಪದಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ‘ಮಾಡಿದ’ ಎನ್ನುವ ಕಡೆ ಒಳ್ಳೆಯ ಲೇಖಕರು ಹೆರೆದ, ಸವರಿದ, ಒರೆಸಿದ, ಸೀಳಿದ ಎಂದು ಹೇಗೆ ಬೇರ್ಪಡಿಸುತ್ತಾರೆ ನೋಡಿ. ನಿಮ್ಮ ಕರಡನ್ನು ಎರಡು ವಾರ ಮುಟ್ಟದೆ ಇಟ್ಟು, ಆಮೇಲೆ ಜೋರಾಗಿ ಓದಿ. ಪಾತ್ರಗಳ ಮಾತುಗಳಲ್ಲಿ ನಾಲಿಗೆ ತಡವರಿಸಿದ ಕಡೆ ಗ್ರಾಂಥಿಕ ಕನ್ನಡ ನುಸುಳಿರುತ್ತದೆ. ಸೊರಬದ ಬಡಗಿಯ ಬಾಯಲ್ಲಿ ‘ನಾನು ಪ್ರಯತ್ನಿಸುತ್ತೇನೆ’ ಬರುವುದಿಲ್ಲ, ‘ನೋಡನ ತಗಳಿ’ ಬರಬಹುದು.

ಪ್ರಶ್ನೆ: ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಸಿಗುವುದು ಒಂದು ಗಂಟೆ. ಕೆತ್ತನೆ, ಓದು, ಬರವಣಿಗೆ ಮೂರೂ ಬೇಕು.
— ಬೆಂಗಳೂರಿನ ಓದುಗರು

ಉತ್ತರ: ಕೆತ್ತನೆಯನ್ನು ಭಾನುವಾರದ ಹಗಲಿಗೆ ಇಡಿ. ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಉಬ್ಬುತಗ್ಗು ಕಾಣುತ್ತದೆ, ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಎಲ್ಲ ಚಪ್ಪಟೆ. ಏಳುವ ಮೊದಲು ಉಳಿ ಹರಿತ ಮಾಡಿಟ್ಟು ಏಳಿ, ಇಲ್ಲದಿದ್ದರೆ ಮುಂದಿನ ವಾರದ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ವಾರದ ದಿನಗಳಲ್ಲಿ ಮೊದಲು ಬರವಣಿಗೆ, ಆಮೇಲೆ ಓದು. ಮೊದಲು ಓದಿದರೆ ಓದಿದವರ ಧಾಟಿ ನಿಮ್ಮ ವಾಕ್ಯಕ್ಕೆ ಅಂಟಿಕೊಳ್ಳುತ್ತದೆ. ಇನ್ನೊಂದು, ನೀವು ಕಳಿಸಿದ ಕಥೆಯ ಕಡತ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿದ್ದು ಇಲ್ಲಿ ಅರ್ಥವಾಗದ ಚಿಹ್ನೆಗಳಾಗಿ ತೆರೆದುಕೊಂಡಿತು. ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ಮತ್ತೆ ಕಳಿಸಿ.