ಗ್ಯಾರೇಜ್ ಕಟ್ಟೆ: ಬ್ಯಾಟರಿ ಸತ್ತಿದೆಯೋ, ಹಸಿದಿದೆಯೋ?

ಪ್ರಶ್ನೆ: ನನ್ನದು ನಾಲ್ಕು ವರ್ಷದ ಸಣ್ಣ ಪೆಟ್ರೋಲ್ ಕಾರು. ಕಳೆದ ವಾರ ವಿಜಯಪುರದ ಗಾಂಧಿ ಚೌಕದಲ್ಲಿ ಕೆಲಸ ಮುಗಿಸಿ ಕೀಲಿ ತಿರುಗಿಸಿದರೆ ಬರೀ ‘ಟಕ್ ಟಕ್’ ಸದ್ದು. ನಾಲ್ಕು ಜನ ತಳ್ಳಿದ ಮೇಲೆ ಹೊರಟಿತು. ‘35 ಆಂಪಿಯರ್ ಅವರ್ ಸಾಮರ್ಥ್ಯದ ಬ್ಯಾಟರಿ ತೆಗೆದು 65ರದ್ದು ಹಾಕಿಸಿ, ಚಿಂತೆಯೇ ಇರುವುದಿಲ್ಲ’ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಲೇ?
– ದ್ರಾಕ್ಷಿ ಬೆಳೆಗಾರ, ತಿಕೋಟಾ

ಉತ್ತರ: ಜೇಬಿಗೆ ಕೈ ಹಾಕುವ ಮೊದಲು ಮೀಟರ್ ಹಿಡಿಸಿ. ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಕೀಲಿ ಹಾಕುವ ಮುಂಚೆಯೇ ಅಳೆಯಬೇಕು. 12.6 ವೋಲ್ಟ್ ತೋರಿಸಿದರೆ ಹೊಟ್ಟೆ ತುಂಬಿದೆ; 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ. ಖಾಲಿ ಎಂದರೆ ಸತ್ತಿದೆ ಎಂದಲ್ಲ. ಚಾರ್ಜರ್‌ಗೆ ಹಚ್ಚಿ ಮೂರು ಆಂಪಿಯರ್ ಸುಮಾರಿನಲ್ಲಿ ರಾತ್ರಿಯಿಡೀ ಬಿಡಿ. ಮರುದಿನವೂ ಇಳಿದಿದ್ದರೆ, ಅಥವಾ ಸ್ಟಾರ್ಟ್ ಮಾಡುವಾಗ ಮುಳ್ಳು 9.6ಕ್ಕಿಂತ ಕೆಳಗೆ ಕುಸಿದರೆ, ಆಗ ಹೊಸದು ಕೊಳ್ಳಿ. ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇರಬೇಕು. ಇಲ್ಲದಿದ್ದರೆ ರೋಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್‌ನದು. ಹೊಸ ಬ್ಯಾಟರಿಯೂ ಅದೇ ದಾರಿ ಹಿಡಿಯುತ್ತದೆ.

ಇದನ್ನು ಕಲಿತದ್ದು ಪೆಟ್ಟು ತಿಂದೇ. ಸ್ಟೇಷನ್ ರಸ್ತೆಯಲ್ಲಿ ನಾನು ಹೊಸದಾಗಿ ಅಂಗಡಿ ಇಟ್ಟಾಗ ಒಬ್ಬರ ಜೀಪಿಗೆ ಮೀಟರ್ ಮುಟ್ಟಿಸದೆ ಹೊಸ ಬ್ಯಾಟರಿ ಕೂರಿಸಿದೆ. ಮೂರನೇ ದಿನ ಅವರು ಎತ್ತು ಕಟ್ಟಿ ಎಳೆಸಿಕೊಂಡು ಬಂದರು. ನೆಗೆಟಿವ್ ತಂತಿ ಜೀಪಿನ ಲೋಹದ ಮೈಗೆ ಸೇರುವ ಬೋಲ್ಟ್ ತುಕ್ಕು ಹಿಡಿದಿತ್ತು, ಅಷ್ಟೇ. ಉಪ್ಪುಕಾಗದದಿಂದ ಉಜ್ಜಿದೆ, ಒಂದೇ ಏಟಿಗೆ ಹೊತ್ತಿತು. ಎತ್ತುಗಳು ಕೂಡ ನನ್ನನ್ನೇ ನೋಡುತ್ತಿದ್ದವು.

ಇನ್ನು 65ರ ಮಾತು. ದೊಡ್ಡದು ಹಾಕಿದರೆ ವೈರಿಂಗ್ ಸುಡುವುದಿಲ್ಲ. ಸ್ಟಾರ್ಟರ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಆದರೆ ಅದು ನಿಮ್ಮ ಕಾರಿನ ಬ್ಯಾಟರಿ ತಟ್ಟೆಯಲ್ಲಿ ಕೂರುವುದಿಲ್ಲ, ಕ್ಲ್ಯಾಂಪ್ ಬಿಗಿಯುವುದಿಲ್ಲ, ನಮ್ಮ ಹೊಲದ ದಾರಿಯ ಕುಲುಕಿಗೆ ಒಳಗಿನ ಪ್ಲೇಟ್ ಸಡಿಲುತ್ತವೆ. 38 ಅಥವಾ 40 ಸರಿಯಾಗಿ ಕೂತರೆ ನನ್ನ ತಕರಾರಿಲ್ಲ. ಪಾಸಿಟಿವ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ಹಳೆಯದರಂತೆಯೇ ಇರಲಿ. ತಂತಿ ಅದಲುಬದಲಾದರೆ ಆಲ್ಟರ್ನೇಟರ್‌ನ ಡಯೋಡ್‌ಗಳು ಹೋದವೆಂದೇ ಲೆಕ್ಕ. ಸಿಗ್ನಲ್‌ನಲ್ಲಿ ತಾನಾಗಿ ಆರಿ ಹೊತ್ತುವ ಕಾರಾಗಿದ್ದರೆ ಸಾಮಾನ್ಯ ಬ್ಯಾಟರಿ ತಾಳದು, ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಬಗೆಯ ಇಎಫ್‌ಬಿ ಅಥವಾ ಎಜಿಎಂ ಬೇಕು. ತಯಾರಾದ ತಿಂಗಳನ್ನು ಕೇಳಿ ತಿಳಿದುಕೊಳ್ಳಿ. ಆರು ತಿಂಗಳು ಕಪಾಟಿನಲ್ಲಿ ಕೂತದ್ದನ್ನು ನಾನು ಕೊಳ್ಳುವುದಿಲ್ಲ. ಹಳೆಯದನ್ನು ಅಲ್ಲೇ ಕೊಟ್ಟು ಬೆಲೆ ಇಳಿಸಿಕೊಳ್ಳಿ, ಅದರಲ್ಲಿರುವ ಸೀಸಕ್ಕೆ ಬೆಲೆಯಿದೆ.

ನಾಲ್ಕು ವರ್ಷ ಬಂದಿದ್ದರೆ ಅದನ್ನು ಬೈಯಬೇಡಿ. ಬ್ಯಾಟರಿಗೆ ಚಳಿ ಶತ್ರು ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಕಡೆ ಅದನ್ನು ಕೊಲ್ಲುವುದು ಬಿಸಿಲು. ಉಷ್ಣತೆ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ನಮ್ಮ ಕಸುಬಿನ ಲೆಕ್ಕ. ಮೇ ತಿಂಗಳಲ್ಲಿ ಹೊರಗೇ 40 ದಾಟಿರುವಾಗ ಬಾನೆಟ್ ಒಳಗಿನದನ್ನು ನೀವೇ ಊಹಿಸಿ. ಬೇವಿನ ನೆರಳಿದ್ದರೆ ಅಲ್ಲಿ ನಿಲ್ಲಿಸಿ. ಹಕ್ಕಿಯ ಹಿಕ್ಕೆಯನ್ನು ತೊಳೆದರಾಯಿತು.

ಪ್ರಶ್ನೆ: ಮಗ ಬೆಂಗಳೂರಿನಲ್ಲಿದ್ದಾನೆ, ಕಾರು ಇಲ್ಲೇ ನಿಂತಿದೆ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುತ್ತೇನೆ. ಆದರೂ ಬ್ಯಾಟರಿ ಇಳಿಯುತ್ತಿದೆ.
– ನಿವೃತ್ತ ಶಿಕ್ಷಕಿ, ಇಂಡಿ

ಉತ್ತರ: ನಿಮ್ಮ ಶಿಸ್ತು ಮೆಚ್ಚಿದೆ, ಟೀಚರ್, ಆದರೆ ಅದು ದಿನಾ ಎರಡು ತುತ್ತು ಉಣ್ಣಿಸಿ ತಟ್ಟೆ ಎತ್ತಿದಂತೆ. ನಿಂತಲ್ಲೇ ಎಂಜಿನ್ ನಿಧಾನ ತಿರುಗುವಾಗ ಚಾರ್ಜ್ ಕಡಿಮೆ, ಅದರಲ್ಲೂ ಎಸಿ ಹಾಕಿದ್ದರೆ ಕೇಳುವುದೇ ಬೇಡ. ನಿಂತ ಕಾರಿನಲ್ಲೂ ಗಡಿಯಾರ, ಅಲಾರಂ ಸದ್ದಿಲ್ಲದೆ ಕರೆಂಟ್ ತಿನ್ನುತ್ತಿರುತ್ತವೆ. ಅರೆಹೊಟ್ಟೆಯಲ್ಲಿ ಬಹುಕಾಲ ಬಿಟ್ಟರೆ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಹತ್ತುವುದಿಲ್ಲ. ವಾರಕ್ಕೊಮ್ಮೆ ಯಾರಿಂದಾದರೂ ಅರ್ಧ ಗಂಟೆ ಸೊಲ್ಲಾಪುರ ಹೆದ್ದಾರಿಯ ಕಡೆ ಓಡಿಸಿಕೊಂಡು ಬನ್ನಿ. ತಿಂಗಳುಗಟ್ಟಲೆ ಬೇಡವೆಂದರೆ ನೆಗೆಟಿವ್ ತಂತಿ ಬಿಚ್ಚಿಡಿಸಿ. ಮಗ ಬಂದಾಗ ಗಡಿಯಾರ ತಿದ್ದಿಕೊಳ್ಳಲಿ.

ಪ್ರಶ್ನೆ: ಬ್ಯಾಟರಿಗೆ ಬೋರ್‌ವೆಲ್ ನೀರನ್ನು ಕುದಿಸಿ ಆರಿಸಿ ಹಾಕಬಹುದೇ? ತುದಿಗಳಲ್ಲಿ ಹಸಿರು ಪುಡಿ ಕೂತಿದೆ.
– ಓದುಗ, ಬಸವನ ಬಾಗೇವಾಡಿ

ಉತ್ತರ: ಬೇಡ. ಕುದಿಸಿದರೆ ಲವಣ ಹೋಗುವುದಿಲ್ಲ, ಇನ್ನಷ್ಟು ದಟ್ಟವಾಗುತ್ತದೆ. ಡಿಸ್ಟಿಲ್ಡ್ ನೀರು ಮಾತ್ರ ಹಾಕಿ, ಪ್ಲೇಟ್ ಮುಳುಗಿ ಗುರುತಿನವರೆಗೆ. ಆಸಿಡ್ ಸುರಿಯಬೇಡಿ, ಆವಿಯಾಗುವುದು ನೀರು, ಆಸಿಡ್ ಒಳಗೇ ಇರುತ್ತದೆ. ಮುಚ್ಚಳವೇ ಇಲ್ಲದ ಬ್ಯಾಟರಿಯಾದರೆ ಈ ಉಸಾಬರಿಯೇ ಇಲ್ಲ.

ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಒಣಗಿಸಿ, ತಂತಿ ಬಿಗಿದ ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆ. ಕೈಗಡಿಯಾರವನ್ನು ತೆಗೆದಿಡಿ. ನನ್ನ ಎಡಗೈ ಮಣಿಕಟ್ಟಿನಲ್ಲಿ ಬ್ಯಾಟರಿ ತುದಿಗೆ ತಾಗಿ ಕಾದ ಸ್ಟೀಲ್ ಪಟ್ಟಿಯ ಮೂರು ಕೊಂಡಿಗಳ ಅಚ್ಚು ಈಗಲೂ ಎಣಿಸುವಷ್ಟು ಸ್ಪಷ್ಟವಾಗಿದೆ.