ಗೋಡೆ ಜಾಹೀರಾತು ಓದಿ ಮಗ ಹೆದರಿದ್ದಾನೆ

ಪ್ರಶ್ನೆ: ಮಗನಿಗೆ 14 ವರ್ಷ. ಒಮ್ಮೊಮ್ಮೆ ನಿದ್ದೆಯಲ್ಲಿ ಚಡ್ಡಿ ಒದ್ದೆಯಾಗುತ್ತದಂತೆ. ಬಸ್ ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ’ದ ಜಾಹೀರಾತು, ಮೊಬೈಲ್ ವಿಡಿಯೊ ಎಲ್ಲ ನೋಡಿ ಶಕ್ತಿ ಹೋಯ್ತು ಅಂತ ಹೆದರಿ ಊಟವನ್ನೂ ಬಿಟ್ಟಿದ್ದಾನೆ. ಅಪ್ಪನಿಗೆ ಹೇಳಲು ನಾಚಿಕೆ. ಏನು ಮಾಡಲಿ?
– ಒಬ್ಬ ತಾಯಿ, ಹಾವೇರಿ

ಉತ್ತರ: ನಿಮ್ಮ ಹತ್ತಿರವಾದರೂ ಬಾಯಿಬಿಟ್ಟನಲ್ಲ, ಅದೇ ದೊಡ್ಡದು. ಇದು ರೋಗವಲ್ಲ. ಈ ವಯಸ್ಸಿನಲ್ಲಿ ಹಾರ್ಮೋನು ಜಾಸ್ತಿಯಾಗಿ ಮೈಯಲ್ಲಿ ವೀರ್ಯ ತಯಾರಾಗಲು ಶುರುವಾಗುತ್ತದೆ, ಅದು ಕೆಲವೊಮ್ಮೆ ನಿದ್ದೆಯಲ್ಲಿ ಹೊರಗೆ ಬರುತ್ತದೆ, ಅಷ್ಟೇ. ಇದರಿಂದ ಶಕ್ತಿ ಹೋಗುವುದಿಲ್ಲ, ಮುಂದೆ ಮಕ್ಕಳಾಗಲೂ ತೊಂದರೆಯಿಲ್ಲ. ಕೆಲವು ಹುಡುಗರಿಗೆ ಹೀಗೆ ಆಗುವುದೇ ಇಲ್ಲ, ಅದೂ ಸರಿಯೇ. ‘ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ’ ಅನ್ನೋದೆಲ್ಲ ಸುಮ್ನೆ ಮಾತು. ಆ ಜಾಹೀರಾತಿನವರು ಮಾರುವುದು ಭಯವನ್ನು, ಔಷಧಿ ಆಮೇಲೆ!

ಉರಿ, ನೋವು, ರಕ್ತ ಕಂಡರೆ ಮಾತ್ರ ಡಾಕ್ಟರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಅಂತ ಇರುತ್ತದೆ. 10ರಿಂದ 19 ವರ್ಷದವರಿಗಾಗಿಯೇ ಇರುವ ಜಾಗ ಅದು, ಅಲ್ಲಿನ ಆಪ್ತಸಮಾಲೋಚಕರು ಇಂಥದ್ದನ್ನೆಲ್ಲ ಗುಟ್ಟಾಗಿಯೇ ಕೇಳಿಸಿಕೊಳ್ಳುತ್ತಾರೆ. ನೀವು ಹೊರಗೆ ಕೂತು ಅವನೊಬ್ಬನನ್ನೇ ಒಳಗೆ ಕಳಿಸಿ. ಅಂದಹಾಗೆ, ಅವರಪ್ಪನಿಗೂ ಆ ವಯಸ್ಸಿನಲ್ಲಿ ಹೀಗೇ ಆಗಿರಬಹುದು, ಅಲ್ವಾ?